ಒಂದು ಬೀರು, ಐವರು ಲೇಖಕರು

ಲೇಖಕರನ್ನು ಊರಿಗೆ ಕರೆಸುವುದೂ ಮೈಮೇಲೆ ಇರುವೆ ಬಿಟ್ಟುಕೊಳ್ಳುವುದೂ ಒಂದೇ ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹದಿನಾಲ್ಕು ವರ್ಷದಿಂದ ಕರೆಸುತ್ತಲೇ ಇದ್ದೇನೆ, ಪ್ರತಿ ಸಲವೂ ಏನಾದರೊಂದು ಆಗುತ್ತಲೇ ಇದೆ.

ನಾನು ಗ್ರಂಥಪಾಲಕಿ. ಮೊದಲು ಆಂಧ್ರದ ಗಡಿಯ ಮಡಕಶಿರದ ಕಡೆ ಒಂದು ಸಾರ್ವಜನಿಕ ಗ್ರಂಥಾಲಯ, ಈಗ ರಾಯದುರ್ಗದ ಕಡೆ ಇನ್ನೊಂದು. ಯಾವ ಊರು, ಯಾವ ಬೀದಿ ಎಂದು ಕೇಳಬೇಡಿ, ಪಿಂಚಣಿಗೆ ಇನ್ನೂ ಆರು ವರ್ಷ ಇದೆ. ಎರಡೂ ಕಡೆ ತೆಲುಗು ಪುಸ್ತಕಗಳ ಹತ್ತಾರು ಬೀರುಗಳ ನಡುವೆ ಕನ್ನಡದ್ದು ಒಂದೇ ಒಂದು ಬೀರು. ಕನ್ನಡ ಓದುವವರು ಇಲ್ಲವೆಂದಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಾರೆ. ಆದರೆ ಅವರೆಲ್ಲ ಫ್ಯಾನಿನ ಕೆಳಗೆ ಕೂತು ಅಲ್ಲೇ ಓದಿ ಮುಗಿಸುವ ಜಾತಿ. "ಮನೆಗೆ ಒಯ್ದರೆ ಮತ್ತೆ ತರೋರು ಯಾರು?" ಎನ್ನುತ್ತಾರೆ. ಜಿಲ್ಲಾ ಆಫೀಸಿನವರು ಫ್ಯಾನಿನ ಕೆಳಗಿನ ಓದನ್ನು ಓದು ಎಂದು ಒಪ್ಪುವುದಿಲ್ಲ. ಪುಸ್ತಕ ಮನೆಗೆ ಹೋದದ್ದು ರಿಜಿಸ್ಟರಿನಲ್ಲಿ ಕಾಣಬೇಕು. ಕಾಣದಿದ್ದರೆ ಕನ್ನಡ ಪುಸ್ತಕಗಳನ್ನು ಮೂಟೆ ಕಟ್ಟಿ, ಆ ಬೀರುವಿನಲ್ಲಿ ಪರೀಕ್ಷೆ ಗೈಡುಗಳನ್ನು ತುಂಬಿರಿ ಎಂದು ವರ್ಷಕ್ಕೊಂದು ಕಾಗದ ಬರುತ್ತದೆ.

ನನ್ನ ಅಪ್ಪ ನಮ್ಮೂರು ಅಗಳಿಯಿಂದ ಬಸ್ಸಿನಲ್ಲಿ ಕರೆತಂದು ನನಗೆ ಅಕ್ಷರದ ರುಚಿ ಹಚ್ಚಿದ್ದು ಅಂಥದೇ ಒಂದು ಬೀರುವಿನ ಮುಂದೆ. ಆದ್ದರಿಂದ ಆ ಬೀರು ಖಾಲಿ ಮಾಡಲು ನನಗೆ ಮನಸ್ಸು ಬರಲಿಲ್ಲ. ಲೇಖಕರು ಬಂದು ನಾಲ್ಕು ಮಾತಾಡಿ, ಪುಸ್ತಕಕ್ಕೆ ಸಹಿ ಹಾಕಿ ಕೊಟ್ಟರೆ ಜನ ಪುಸ್ತಕ ಒಯ್ದಾರು ಎಂಬ ಆಸೆಯಿಂದ ಕರೆಸತೊಡಗಿದೆ. ಆಸೆಗೇನು, ಅದಕ್ಕೆ ರಿಜಿಸ್ಟರ್ ಇಲ್ಲ.

೧. ವೇದಿಕೆ ಭರ್ತಿ

ಮಡಕಶಿರದ ಕಡೆಯ ಮೊದಲ ಕಾರ್ಯಕ್ರಮ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಿಟ್ಟರೆ ಜನ್ಮದಲ್ಲಿ ಮಾತಾಡಿಸದ ಜನ ನಮ್ಮವರು. ಅಂಜಿ ಅಂಜಿ ಒಂದೊಂದೇ ಹೆಸರು ಸೇರಿಸಿ, ಕೊನೆಗೆ ಇಪ್ಪತ್ತೆರಡು ಗಣ್ಯರಾದರು. ಲೇಖಕರ ಹೆಸರು ಮುದ್ರಿಸಲು ಪತ್ರಿಕೆಯ ಹಿಂಬದಿ ಉಳಿದಿತ್ತು.

ನನ್ನ ಗ್ರಹಚಾರಕ್ಕೆ ಇಪ್ಪತ್ತೆರಡು ಜನವೂ ಬಂದರು. ಇದ್ದ ಕುರ್ಚಿಗಳೆಲ್ಲ ವೇದಿಕೆ ಹತ್ತಿದವು. ಕೆಳಗೆ ಉಳಿದದ್ದು ಒಂದು ಬೆಂಚು, ಅದರ ಮೇಲೆ ದಿನವೂ ಪೇಪರ್ ಓದಲು ಬರುವ ಇಬ್ಬರು ಹಿರಿಯರು. ಆ ಇಬ್ಬರನ್ನು ಉದ್ದೇಶಿಸಿ ಇಪ್ಪತ್ತೆರಡು ಜನ "ಸಾಗರೋಪಾದಿಯಲ್ಲಿ ಸೇರಿರುವ ಸಭಿಕರೇ" ಎಂದು ಶುರುಮಾಡಿ ಮಾತಾಡಿದರು. ಒಬ್ಬರು ತಮ್ಮ ಬೋರ್‌ವೆಲ್ ಬಗ್ಗೆ ಹೇಳಿದರು. ಇನ್ನೊಬ್ಬರು ಹಿಂದಿನವರು ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ ಎಂದು ಹೇಳಿ, ಮತ್ತೆ ಹೇಳಿದರು. ಲೇಖಕರ ಸರದಿ ಬಂದಾಗ ಕೊನೆಯ ಬಸ್ಸಿಗೆ ಹತ್ತು ನಿಮಿಷ. ಅವರು ಎದ್ದು, ಬಂದವರಿಗೆಲ್ಲ ಕೈಮುಗಿದು, ಎರಡೇ ಮಾತಾಡಿ ಓಡಿದರು.

ಮರುದಿನ ಹಿರಿಯರಲ್ಲಿ ಒಬ್ಬರನ್ನು ಕೇಳಿದೆ, "ಲೇಖಕರ ಮಾತು ಹೆಂಗಿತ್ತು ತಾತ?"

"ಯಾರಮ್ಮ ಲೇಖಕ್ರು? ಕೊನೇಗೆ ಎದ್ದು ವಂದನಾರ್ಪಣೆ ಮಾಡುದ್ರಲ್ಲ, ಅವ್ರಾ? ಅವ್ರೊಬ್ರೇ ಕಣಮ್ಮ, ಒಸಿ ಚೆನ್ನಾಗಿ ಮಾತಾಡಿದ್ದು!"

೨. ಬದುಕಿಕೊಂಡ ಎಮ್ಮೆ

ಮುಂದಿನ ಸಲ ಹೆಸರುಗಳನ್ನು ಮೂರಕ್ಕೆ ಇಳಿಸಿದೆ. ಆಗ ಊರಿನ ಒಬ್ಬ ದೊಡ್ಡ ಮನುಷ್ಯರಿಗೆ ಜ್ಞಾನೋದಯವಾಯಿತು. "ಇದು ಆಂಧ್ರ. ಕನ್ನಡದಲ್ಲಿ ಮಾತಾಡಿದರೆ ತೆಲುಗು ಅನುವಾದ ಇರಲೇಬೇಕು" ಎಂದರು. ಬರುವವರಿಗೆಲ್ಲ ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು ಎಂದು ಹೇಳಿದೆ. ಕೇಳಬೇಕಲ್ಲ? ನಿವೃತ್ತ ತೆಲುಗು ಮೇಷ್ಟ್ರೊಬ್ಬರು ಅನುವಾದಕರಾಗಿ ನಿಂತರು.

ಲೇಖಕರು ಒಂದು ತಮಾಷೆ ಹೇಳಿದರು, ಜನ ನಕ್ಕರು. ಮೇಷ್ಟ್ರು ಅದನ್ನೇ ತೆಲುಗಿನಲ್ಲಿ ಹೇಳಿದರು. ಮೇಷ್ಟ್ರು ಹಿರಿಯರು, ಅವರಿಗೆ ಬೇಜಾರಾಗಬಾರದು ಎಂದು ಜನ ಮತ್ತೊಮ್ಮೆ ನಕ್ಕರು. ಎರಡನೇ ನಗು ಸ್ವಲ್ಪ ಸಣ್ಣದೆಂದು ಮೇಷ್ಟ್ರಿಗೆ ಅನಿಸಿರಬೇಕು. ಅಲ್ಲಿಂದ ಅವರು ಸ್ವಂತದ್ದು ಸೇರಿಸತೊಡಗಿದರು. ಲೇಖಕರ ಒಂದು ವಾಕ್ಯಕ್ಕೆ ಮೇಷ್ಟ್ರದ್ದು ಆರು ವಾಕ್ಯ, ನಡುವೆ ಒಂದು ಪದ್ಯ.

ಕೊನೆಗೆ ಲೇಖಕರು ತಮ್ಮ ಕಾದಂಬರಿಯ ಮುಕ್ತಾಯ ಓದಿದರು. ಮನೆಯ ಎಮ್ಮೆ ಸಾಯುತ್ತದೆ, ಅಜ್ಜಿ ಹಗ್ಗ ಹಿಡಿದು ಕೂರುತ್ತಾಳೆ. ಅವರ ಕಣ್ಣೇ ತುಂಬಿಬಂತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಎಮ್ಮೆಗೆ ನಾಟಿ ಔಷಧಿ ಕುಡಿಸಿ, ಎಬ್ಬಿಸಿ ನಿಲ್ಲಿಸಿ, ಕರುವನ್ನೂ ಹಾಕಿಸಿಬಿಟ್ಟರು! ಯಾಕೆ ಸಾರ್ ಹೀಗೆ ಎಂದು ಪಿಸುಗುಟ್ಟಿದೆ. "ಶುಕ್ರವಾರ ಕಣಮ್ಮ, ಸಾವು ಗೀವು ಯಾಕೆ?" ಎಂದರು.

ಸಹಿ ಹಾಕುವ ಮೇಜಿನ ಬಳಿ ರೊಳ್ಳದಿಂದ ಬಂದಿದ್ದ ಒಬ್ಬ ಹೆಂಗಸು ಲೇಖಕರ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿ ಮೆಲ್ಲಗೆ ಕೆಳಗಿಟ್ಟಳು. "ಇದು ಬ್ಯಾಡ ಸಾಮಿ. ಎಮ್ಮೆ ಬದುಕೋ ಪುಸ್ತಕ ಎಲ್ಲಿ ಸಿಗ್ತೈತೆ?"

೩. ಕಣ್ಣೀರು

ರಾಯದುರ್ಗದ ಕಡೆಗೆ ವರ್ಗವಾಯಿತು. ಅಲ್ಲಿಗೆ ಬೆಂಗಳೂರಿನಿಂದ ಒಬ್ಬ ಲೇಖಕರು ಕಾರಿನಲ್ಲಿ ಬಂದರು. ಗಡಿಯಾಚೆಯ ಕನ್ನಡ ಅಳಿದುಹೋಗುತ್ತಿದೆ ಎಂದು ಮುಕ್ಕಾಲು ಗಂಟೆ ಮರುಗಿದರು. ಮಕ್ಕಳಿಗೆ ಕನ್ನಡ ಕಲಿಸಿ ಎಂದು ಕೈಮುಗಿದರು. ಜನ ತಮಗೇನೋ ಕಾಯಿಲೆ ಬಂದಿದೆ, ಈಗಷ್ಟೇ ಗೊತ್ತಾಯಿತು ಎಂಬಂತೆ ಮುಖ ಮಾಡಿಕೊಂಡು ಕೇಳಿದರು.

ಕೊನೆಗೆ ಬೆಳುಗುಪ್ಪದ ಕಿರಾಣಿ ಅಂಗಡಿಯ ಸಾಹುಕಾರರು ಎದ್ದರು. "ಭಾಳ ಚಲೋ ಹೇಳಿದ್ರಿ. ನಿಮ್ಮ ಮಕ್ಕಳು ಕನ್ನಡ ಪುಸ್ತಕ ಓದ್ತಾರೇನ್ರಿ?"

ಲೇಖಕರು ನೀರು ಕುಡಿದರು. "ಅವರು ಓದಿದ್ದು ಬೇರೆ ಸಿಲಬಸ್. ಮಾತಾಡ್ತಾರೆ, ಓದೋಕೆ ಬರಲ್ಲ."

"ಹೋಗ್ಲಿ ಬಿಡ್ರಿ, ಚಿಂತಿ ಯಾಕ? ಸೂಟಿಯಾಗ ನಮ್ಮನಿಗೆ ಕಳಿಸ್ರಿ. ಆಂಧ್ರದಾಗ ಇಟ್ಕೊಂಡು ಕನ್ನಡ ಕಲಿಸಿ ಕಳಿಸ್ತೀವಿ."

೪. ಹಸಿರು ಶಾಯಿ

ನಾಲ್ಕನೆಯವರು ನಿವೃತ್ತ ದೊಡ್ಡ ಅಧಿಕಾರಿ. ಸರ್ವೀಸಿನ ಅನುಭವಗಳನ್ನು ಕವನ ಮಾಡಿದ್ದರು. ಗೇಟಿಗೆ ಪೋಸ್ಟರ್ ಹಚ್ಚಿದೆ. ಅವರ ಹೆಸರು, ಕೆಳಗೆ ಅವರಿದ್ದ ಹುದ್ದೆ, ಅದರ ಕೆಳಗೆ "ಬೆಳಿಗ್ಗೆ ಹನ್ನೊಂದಕ್ಕೆ ಸಹಿ ಹಾಕುತ್ತಾರೆ."

ಹತ್ತೂವರೆಗೇ ಸಾಲು ಗೇಟು ದಾಟಿತು! ನನಗೆ ನಂಬಿಕೆಯೇ ಬರಲಿಲ್ಲ. ಕವಿಗಳಂತೂ ಹಿಗ್ಗಿಹೋದರು. "ನೋಡಿ ಮೇಡಂ, ಯುವಜನ ಕಾವ್ಯ ಓದಲ್ಲ ಅಂತಾರಲ್ಲ ಮೂರ್ಖರು" ಎಂದು ಜೇಬಿನಿಂದ ಹಸಿರು ಶಾಯಿಯ ಪೆನ್ನು ತೆಗೆದರು. ನಿವೃತ್ತಿಯಾದರೂ ಆ ಹಸಿರು ಬಿಟ್ಟಿರಲಿಲ್ಲ.

ಸಾಲಿನ ಮೊದಲ ಹುಡುಗಿ ಮಾರ್ಕ್ಸ್ ಕಾರ್ಡಿನ ಮೂರು ಜೆರಾಕ್ಸ್ ಮುಂದಿಟ್ಟಳು. "ಅಟೆಸ್ಟೆಡ್ ಅಂತ ಬರ್ದು ಸೈನ್ ಮಾಡ್ರಿ ಸರ್."

ಆಗ ನನಗೆ ಹೊಳೆಯಿತು. ನಮ್ಮ ಓದುವ ಕೋಣೆಯಲ್ಲಿ ದಿನವಿಡೀ ಕೂರುವವರು ನೌಕರಿ ಪರೀಕ್ಷೆಯ ಮಕ್ಕಳು. ಸ್ವಂತ ಸಹಿಯೇ ಸಾಕು ಎಂದು ಸರ್ಕಾರ ಹೇಳಿ ಎಷ್ಟೋ ಕಾಲವಾದರೂ, ನಮ್ಮ ಕಡೆ ಹಸಿರು ಶಾಯಿ ಬೀಳದೆ ಯಾರೂ ಯಾವ ಕಾಗದವನ್ನೂ ನಂಬುವುದಿಲ್ಲ. ಅಂಥ ಸಹಿ ಹಾಕುವ ಅಧಿಕಾರಿಯನ್ನು ಹುಡುಕಿ ವಾರಗಟ್ಟಲೆ ಅಲೆಯುತ್ತಾರೆ. ಅಂಥವರೊಬ್ಬರು ತಾವಾಗಿಯೇ ಬಂದು ಕೂರುತ್ತಾರೆ ಎಂದು ನಾನೇ ಪೋಸ್ಟರ್ ಹಚ್ಚಿದ್ದೆ.

"ಅಮ್ಮಾ, ಇದು ಕವನ ಸಂಕಲನ..." ಎಂದರು ಕವಿಗಳು.

"ಅದು ಬ್ಯಾಡ್ರಿ. ಒರಿಜಿನಲ್ ತಂದೀನಿ, ಬೇಕಾದ್ರ ತಾಳೆ ನೋಡ್ರಿ."

ಮೂವತ್ತು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ಅವರ ಕೈ ತಾನಾಗಿಯೇ ಸಹಿ ಹಾಕಿತು. ಮುಂದಿನವರಿಗೂ ಹಾಕಿತು. ಮಧ್ಯಾಹ್ನದ ಹೊತ್ತಿಗೆ ಸಾಲು ಮುಗಿಯುತ್ತ ಬಂತು. ಕೊನೆಯ ಹುಡುಗಿ ಕಾಗದ ಚಾಚುವ ಮುನ್ನ ಪೋಸ್ಟರನ್ನು ಇನ್ನೊಮ್ಮೆ ನೋಡಿ, "ಸರ್, ಸರ್ವೀಸಿನ್ಯಾಗ ಅದೀರಲ್ರಿ?" ಎಂದಳು.

"ರಿಟೈರಾಗಿ ನಾಲ್ಕು ವರ್ಷ ಆಯ್ತಮ್ಮ."

ಸುದ್ದಿ ಕೇಳಿ, ಹೋದವರೆಲ್ಲ ತಿರುಗಿ ಬಂದರು. ಮೊದಲ ಹುಡುಗಿ ತನ್ನ ಕಾಗದಗಳನ್ನು ಮೇಜಿನ ಮೇಲಿಟ್ಟು ನಿಟ್ಟುಸಿರು ಬಿಟ್ಟಳು. "ಹಂಗಾದ್ರ ಇವು ನಡೆಯಂಗಿಲ್ರಿ. ಸುಮ್ನ ಕಾಗದ ಕೆಡಿಸಿದ್ರಿ ಸರ್."

ಅವರ ಸಾಹಿತ್ಯದ ಬಗ್ಗೆ ಯಾವ ವಿಮರ್ಶಕನೂ ಇಷ್ಟು ಚುಟುಕಾಗಿ ಹೇಳಿರಲಿಲ್ಲ.

೫. ಸೀಲು

ಆ ವರ್ಷದ ಕಾಗದ ಖಾರವಾಗಿತ್ತು. ವರ್ಷದ ಕೊನೆಗೆ ಜಿಲ್ಲೆಯ ಸಾಹೇಬರೇ ಬಂದು ನೋಡುತ್ತಾರೆ, ಬೀರುವಿನ ವಿಷಯ ಅಂದೇ ತೀರ್ಮಾನ ಎಂದು ಬರೆದಿತ್ತು. ರಿಜಿಸ್ಟರಿನಲ್ಲಿ ಕನ್ನಡದ ಪುಟ ತೊಳೆದಿಟ್ಟ ತಟ್ಟೆಯ ಹಾಗೆ ಇತ್ತು. ಕೊನೆಯ ಪ್ರಯತ್ನವೆಂದು ಐದನೆಯ ಲೇಖಕರನ್ನು ಕರೆಸಿದೆ. ಬಳ್ಳಾರಿ ಕಡೆಯವರು, ತುಂಬಾ ಸಾಧು. ಕಾವ್ಯನಾಮದಲ್ಲಿ ಬರೆಯುತ್ತಿದ್ದರು. ನಿಜವಾದ ಹೆಸರು ಅವರ ಮನೆಯವರಿಗೂ ಬ್ಯಾಂಕಿನವರಿಗೂ ಮಾತ್ರ ಗೊತ್ತು.

ನಮ್ಮ ಅಟೆಂಡರ್ ಬಗ್ಗೆ ಹೇಳಬೇಕು. ಕಣ್ಣಿಗೆ ಬಿದ್ದ ಪುಸ್ತಕಕ್ಕೆ ಸೀಲು ಒತ್ತದಿದ್ದರೆ ಅವರಿಗೆ ಉಂಡ ಅನ್ನ ಅರಗುವುದಿಲ್ಲ. ಮೊದಲ ಪುಟಕ್ಕೊಂದು, ಕೊನೆಯ ಪುಟಕ್ಕೊಂದು, ಕಳ್ಳರಿಗೆ ತಿಳಿಯದಿರಲೆಂದು ನಡುವೆ ಇಪ್ಪತ್ತೊಂದನೇ ಪುಟಕ್ಕೊಂದು. ಆಮೇಲೆ ನಂಬರ್ ಬರೆದು ಸ್ಟಾಕ್ ರಿಜಿಸ್ಟರಿಗೆ ಏರಿಸಿಬಿಡುತ್ತಾರೆ.

ಅಂದು ಲೇಖಕರು ಮಾತು ಮುಗಿಸಿ ಚಹಾ ಕುಡಿದು ಬಂದು ನೋಡಿದರು. ಎರಡನೇ ಮುದ್ರಣಕ್ಕೆಂದು ಅಂಚಿನಲ್ಲೆಲ್ಲ ತಿದ್ದಿ ಇಟ್ಟುಕೊಂಡಿದ್ದ ಅವರ ಸ್ವಂತ ಪ್ರತಿ ಮೇಜಿನ ಮೇಲೆ ಇಲ್ಲ. ಹುಡುಕಿದರೆ ಕನ್ನಡದ ಬೀರುವಿನಲ್ಲಿ, ಮೂರು ಸೀಲು ಬಿದ್ದು, ನಂಬರ್ ಹೊತ್ತು ನಿಂತಿದೆ!

"ಟೇಬಲ್ ಮ್ಯಾಲ ಇತ್ರಿ ಮೇಡಂ," ಎಂದರು ಅಟೆಂಡರ್. "ಲೈಬ್ರರಿ ಟೇಬಲ್ ಮ್ಯಾಲಿನ ಪುಸ್ತಕ ಲೈಬ್ರರೀದಲ್ದ ಮತ್ಯಾರ್ದ್ರಿ? ಯಾರೋ ಪೆನ್ನಿಂದ ಗೀಚಿ ಕೆಡಿಸ್ಯಾರ, ಅದನ್ನೂ ರಿಮಾರ್ಕಿನಾಗ ಬರ್ದೀನಿ."

ಒಮ್ಮೆ ಸ್ಟಾಕ್ ರಿಜಿಸ್ಟರ್ ಹತ್ತಿದ ಪುಸ್ತಕ ಇಳಿಯಬೇಕಾದರೆ ಒಂದೋ ಜಿಲ್ಲಾ ಕಮಿಟಿ ಸೇರಬೇಕು, ಇಲ್ಲವೇ ಗೆದ್ದಲು ತಿನ್ನಬೇಕು. ಎರಡರಲ್ಲಿ ಗೆದ್ದಲೇ ಚುರುಕು. "ಹಂಗಾದ್ರ ನನ್ನ ಪುಸ್ತಕ ನಾ ಹೆಂಗ ಒಯ್ಯಬೇಕ್ರಿ?" ಎಂದರು ಲೇಖಕರು, ಅಳುವುದೊಂದು ಬಾಕಿ.

"ಮೆಂಬರ್ ಆಗ್ರಿ," ಎಂದರು ಅಟೆಂಡರ್. "ಆಧಾರ್ ಜೆರಾಕ್ಸ್ ಕೊಡ್ರಿ. ಊರಾಗಿನವರೊಬ್ಬರ ಜಾಮೀನು ಬೇಕು. ನೀವು ದೊಡ್ಡವ್ರು, ನಾನೇ ಹಾಕ್ತೀನಿ ಬಿಡ್ರಿ."

ಹೀಗೆ ಕದ್ದವರ ಜಾಮೀನಿನ ಮೇಲೆ ಕಳಕೊಂಡವರು ತಮ್ಮದೇ ಪುಸ್ತಕವನ್ನು ಹದಿನೈದು ದಿನದ ಮಟ್ಟಿಗೆ ಒಯ್ದರು. ಆಧಾರ್‌ನಲ್ಲಿದ್ದ ಹೆಸರಿನಲ್ಲಿ ಇಶ್ಯೂ ಆಯಿತು. ಕನ್ನಡದ ಪುಟದಲ್ಲಿ ಒಂದು ಸಾಲು ಬಿತ್ತು. ಲೇಖಕರಿಗೆ ತಿದ್ದುವುದು ಮುಗಿಯುವ ರೋಗವಲ್ಲ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಫೋನು ಮಾಡಿ, "ಇನ್ನೊಂದು ಸಲ ಬರ್ಕೋರಿ ಮೇಡಂ" ಎನ್ನುತ್ತಿದ್ದರು. ನಾನು ಬರೆದುಕೊಂಡೆ. ಒಂದಲ್ಲ, ಎರಡಲ್ಲ, ಹದಿನಾರು ಸಲ.

ಸಾಹೇಬರು ಬಂದರು. ತೆಲುಗಿನವರು, ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ರಿಜಿಸ್ಟರನ್ನು ನನ್ನಿಂದಲೇ ಓದಿಸಿಕೊಂಡು ಬೆರಗಾದರು. "ಒಂದೇ ಪುಸ್ತಕ, ಒಬ್ಬನೇ ಓದುಗ, ಹದಿನಾರು ಸಲವೇ! ಬರೆದವರು ಬಹಳ ದೊಡ್ಡವರಿರಬೇಕಮ್ಮ. ಅವರನ್ನು ಕರೆಸಿ. ಆ ಓದುಗನನ್ನೂ ಕರೆಸಿ. ಇಬ್ಬರಿಗೂ ನಾನೇ ಶಾಲು ಹೊದಿಸುತ್ತೇನೆ. ಬೀರು ವಿಷಯ ಅವತ್ತೇ ಹೇಳುತ್ತೇನೆ."

ಬಾಯಿ ಬಿಟ್ಟು ನಿಜ ಹೇಳಬೇಕಿತ್ತು. ಬೀರುವಿನ ಕಡೆ ನೋಡಿ, "ಆಗಲಿ ಸಾರ್" ಎಂದುಬಿಟ್ಟೆ.

ಆ ದಿನ ವೇದಿಕೆಯ ಮೇಲೆ ಸಾಹೇಬರ ಪಕ್ಕದಲ್ಲಿ ಎರಡು ಕುರ್ಚಿ, ಎರಡು ಶಾಲು. ಅಟೆಂಡರ್ ಮೈಕಿನಲ್ಲಿ ಲೇಖಕರ ಕಾವ್ಯನಾಮ ಕೂಗಿದರು. ಅವರು ಮೊದಲ ಕುರ್ಚಿಯಲ್ಲಿ ಕೂತು ಶಾಲು ಹೊದಿಸಿಕೊಂಡರು. ಆಮೇಲೆ ಉತ್ತಮ ಓದುಗರ ಹೆಸರು ಕೂಗಿದರು. ಸಭೆಯಲ್ಲಿ ಯಾರೂ ಏಳಲಿಲ್ಲ. ಸಾಹೇಬರು ಶಾಲು ಬಿಡಿಸಿಕೊಂಡು ಬಾಗಿಲ ಕಡೆ ನೋಡುತ್ತಾ ನಿಂತರು. ಸಾಧು ಲೇಖಕರು ಸುಳ್ಳು ಹೇಳಲು ತಿಳಿಯದೆ, ಮೆಲ್ಲಗೆ ಎದ್ದು, ಒಂದು ಹೆಜ್ಜೆ ಸರಿದು, ಎರಡನೇ ಕುರ್ಚಿಯಲ್ಲಿ ಕೂತು ತಲೆ ಬಗ್ಗಿಸಿದರು.

ಸಾಹೇಬರು ನನ್ನತ್ತ ಬಾಗಿ ಕೇಳಿದರು, "ಇವರು ಅವರೇ ಅಲ್ಲವೇನಮ್ಮ?"

ಇನ್ನು ಮುಚ್ಚಿಡುವುದೇನಿದೆ? "ಹೌದು ಸಾರ್. ಕನ್ನಡದಲ್ಲಿ ಬರೆಯೋರೂ ಅವರೇ, ಓದೋರೂ ಅವರೇ," ಎಂದೆ.

ಸಾಹೇಬರು ಮೊದಲನೆಯ ಶಾಲಿನ ಮೇಲೇ ಎರಡನೆಯದನ್ನೂ ಹೊದಿಸಿ, ಸರಿಮಾಡಿ, ಕೈಮುಗಿದರು.

"ಬೀರು ಇಲ್ಲೇ ಇರಲಿ," ಎಂದರು. "ನಮ್ಮ ತೆಲುಗಿನಲ್ಲೂ ಅಷ್ಟೇ ಬಿಡಮ್ಮ. ನಾನೂ ಮೂರು ಪುಸ್ತಕ ಬರೆದಿದ್ದೇನೆ."