ಅಕ್ಕ ಹೊಲಿದ ಕೊನೆಯ ಅಧ್ಯಾಯ

ಪುಸ್ತಕ ಓದುವವರನ್ನು ನೀವು ನೋಡಿರಬಹುದು, ಪುಸ್ತಕ ಕದಿಯುವವರನ್ನೂ ನೋಡಿರಬಹುದು. ಪುಸ್ತಕದ ಬಾಯಿ ಹೊಲಿಯುವವರನ್ನು ನೋಡಿದ್ದೀರಾ? ಬೆಳ್ತಂಗಡಿಗೆ ಬನ್ನಿ, ನನ್ನ ಅಕ್ಕನನ್ನು ತೋರಿಸುತ್ತೇನೆ. ಅವಳಿಗೆ ಬುದ್ಧಿ ಹೇಳಲು ಮಾತ್ರ ಹೋಗಬೇಡಿ. ಹಾಗೆ ಹೋದವರೆಲ್ಲ ಅವಳು ಕೊಟ್ಟ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ತೆಪ್ಪಗೆ ವಾಪಸಾಗಿದ್ದಾರೆ!

ವಿಷಯ ಇಷ್ಟೇ. ಅಕ್ಕ ಬೆಳ್ತಂಗಡಿಯಲ್ಲಿ, ನಾನು ಮೂಡುಬಿದಿರೆಯಲ್ಲಿ. ಶುಕ್ರವಾರ ಸಂಜೆ ವೇಣೂರು ದಾರಿಯಾಗಿ ಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅವಳು ನನಗೊಂದು ಪುಸ್ತಕ ಕಳಿಸುತ್ತಾಳೆ. ನಮ್ಮ ಕಡೆ ಬಸ್ಸಿನಲ್ಲಿ ಮಲ್ಲಿಗೆ, ಮದುವೆ ಕಾಗದ, ಯಾರೋ ಮರೆತುಹೋದ ಕನ್ನಡಕ ಎಲ್ಲವೂ ಹೋಗುತ್ತವೆ, ಪುಸ್ತಕ ಹೋಗಬಾರದೆ? ಶನಿವಾರ ನಾನದನ್ನು ಓದಬೇಕು. ಕೊನೆಯ ಅಧ್ಯಾಯ ಮಾತ್ರ ಓದುವ ಹಾಗಿಲ್ಲ. ಅದರ ಹಾಳೆಗಳನ್ನು ಅಕ್ಕ ಸೂಜಿ ದಾರದಿಂದ ಅಂಚಿನುದ್ದಕ್ಕೂ ಹೊಲಿದುಬಿಟ್ಟಿರುತ್ತಾಳೆ! ಜೀವನವಿಡೀ ಟೈಲರಿಂಗ್ ಮಾಡಿದವಳು. ಹೊಲಿಗೆ ಎಂದರೆ ಹೊಲಿಗೆ, ಒಂದು ಎಳೆ ಆಚೀಚೆ ಇಲ್ಲ. ಭಾನುವಾರ ನಾನು ಬೆಳ್ತಂಗಡಿಗೆ ಹೋಗಿ, ಅವಳೆದುರು ಕತ್ತರಿ ಹಾಕಿ, ಗಟ್ಟಿಯಾಗಿ ಓದಬೇಕು. ಅವಳೂ ಅಲ್ಲಿಯವರೆಗೆ ಓದಿ ನಿಲ್ಲಿಸಿರುತ್ತಾಳೆ.

"ಇದೆಂತ ಹುಚ್ಚು ಅಕ್ಕ?" ಎಂದು ಮೊದಲ ಸಲ ಕೇಳಿದ್ದೆ.

"ಕೊನೆಯದ್ದು ಒಬ್ಬನೇ ಓದಿದ್ರೆ ಮೈಗೆ ಹಿಡಿಯುವುದಿಲ್ಲ ಮಾರಾಯ. ನೀರುದೋಸೆ ತಣ್ಣಗಾಗ್ತದೆ, ಬೇಗ ಬಾ."

ಒಮ್ಮೆ ಪತ್ತೇದಾರಿ ಕಾದಂಬರಿ ಕಳಿಸಿದಳು. ಕೊಲೆಗಾರ ಯಾರೆಂಬುದು ಹೊಲಿಗೆಯ ಒಳಗೆ! ನೀವಾದರೂ ಸುಮ್ಮನಿರುತ್ತಿದ್ದಿರಾ? ನಾನು ಬ್ಲೇಡು ಹಾಕಿದೆ, ಓದಿದೆ, ಮತ್ತೆ ನಾನೇ ಹೊಲಿದೆ. ಭಾನುವಾರ ಅಕ್ಕ ಪುಸ್ತಕದ ಅಂಚಿಗೆ ಬೆರಳಾಡಿಸಿದಳು.

"ಯಾರು ಇದನ್ನು ಗೋಣಿ ಹೊಲಿದ ಹಾಗೆ ಹೊಲಿದದ್ದು?"

"ಬಸ್ಸಲ್ಲಿ ಬಿಚ್ಚಿಹೋಗಿತ್ತು ಅಕ್ಕ..."

"ಹೌದಾ? ಹಾಗಾದ್ರೆ ಬಸ್ಸಿಗೇ ಊಟ ಹಾಕ್ತೇನೆ."

ಅವತ್ತು ಅವಳ ಮಗನಿಗೆ ಕೋಳಿಸಾರು ಸುರಿದ ಕೋರಿರೊಟ್ಟಿ, ನನಗೆ ಗಂಜಿ ಮತ್ತು ಚಟ್ನಿ.

ನಾನೇನು ಅವಳಿಗೆ ಪುಸ್ತಕ ಕಳಿಸಿಲ್ಲವೆ? ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವಾಗ, ಬದುಕಿನಲ್ಲಿ ಗೆಲ್ಲುವುದು ಹೇಗೆಂದು ಕಲಿಸುವ ದಪ್ಪ ಪುಸ್ತಕವೊಂದನ್ನು ಕೊಂಡು, "ಓದಲೇಬೇಕು!" ಎಂದು ಕಳಿಸಿದ್ದೆ. ಮುಂದಿನ ವಾರವೇ ವಾಪಸು ಬಂತು. ಮೂರೂ ಬದಿಗೆ ಭದ್ರವಾದ ಹೊಲಿಗೆ! ಒಂದೇ ಒಂದು ಪುಟ ತೆರೆಯುವಂತಿಲ್ಲ. ಫೋನು ಮಾಡಿದರೆ, "ಇನ್ನು ಯಾರಿಗೂ ಉಪದ್ರ ಆಗಬಾರದು ಅಂತ ಬಾಯಿ ಮುಚ್ಚಿದ್ದೇನೆ" ಎಂದಳು.

ಇಂಥವಳ ಕಣ್ಣು ಈ ವರ್ಷ ಕೈಕೊಟ್ಟಿತು. ಮಾಡುವಷ್ಟು ಮಾಡಿಯಾಯಿತು, ಇನ್ನು ಅಕ್ಷರ ಕಾಣುವುದು ಕಷ್ಟ ಎಂದರು ಡಾಕ್ಟರು. ಅವಳ ಮಗ ಒಳ್ಳೆಯವನೇ, ಅದೇ ತೊಂದರೆ. ಒಂದು ಭಾನುವಾರ ಅವಳೆದುರೇ ಶುರುಮಾಡಿದ.

"ಮಾಮ, ಇನ್ನು ಈ ಪುಸ್ತಕ, ಹೊಲಿಗೆ ಎಲ್ಲ ನಿಲ್ಲಿಸುವ. ಅಮ್ಮ ಸೂಜಿ ಚುಚ್ಚಿಕೊಳ್ತಾರೆ. ಈಗ ಫೋನೇ ಓದಿ ಹೇಳ್ತದೆ. ನಿಮಗೂ ವಾರ ವಾರ ಬರುವ ಕಷ್ಟ ಇಲ್ಲ."

ಕಷ್ಟ ಎಂದು ಇವನಿಗೆ ಹೇಳಿದವರು ಯಾರು? ವಾರವಿಡೀ ಅಂಗಡಿಯಲ್ಲಿ ಜೆರಾಕ್ಸ್ ತೆಗೆಯುವ ನನಗೆ ಇರುವುದೇ ಆ ಒಂದು ಭಾನುವಾರ! ನಾನು ಬಾಯಿ ತೆರೆಯುವ ಮೊದಲೇ ಅವನು ಫೋನು ಒತ್ತಿದ, ಅದರೊಳಗಿನ ಹೆಂಗಸು ಕತೆ ಓದಲು ಶುರುಮಾಡಿದಳು. ಕತೆಯಲ್ಲಿ ತಾಯಿ ಸತ್ತದ್ದನ್ನೂ ಬಸ್ಸಿನ ಸಮಯ ಹೇಳಿದಂತೆ ಹೇಳಿಮುಗಿಸಿದಳು. ಅಕ್ಕ ಫೋನನ್ನು ಮಗುಚಿ ಇಟ್ಟಳು.

"ಅಳುವ ಜಾಗದಲ್ಲೂ ಇವಳಿಗೆ ಗಂಟಲು ಕಟ್ಟುವುದಿಲ್ಲ. ನನ್ನ ತಮ್ಮನಿಗೆ ಎರಡು ಪುಟ ಮೊದಲೇ ಕಟ್ತದೆ!"

ಇದು ಹೊಗಳಿಕೆಯೋ ಬೈಗುಳವೋ, ಯಾವುದಾದರೂ ಸರಿ, ನಾನು ಬೀಗಿದೆ. ಆದರೆ ಮುಂದಿನ ಶುಕ್ರವಾರ ಪುಸ್ತಕ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಕಂಡಕ್ಟರ್ ಬಾಗಿಲಿನಿಂದಲೇ ಕೈಯಾಡಿಸಿ ಇಲ್ಲವೆಂದ. ಫೋನು ಮಾಡಿದರೆ, "ಈ ಭಾನುವಾರ ಬರಬೇಡ, ಕೆಲಸ ಉಂಟು" ಎಂದಳು ಅಕ್ಕ. ನನಗೆ ನಿಜವಾಗಿ ಹೆದರಿಕೆಯಾಯಿತು. ಯಾರಿಗೂ ಸೋಲದ ಅಕ್ಕ ಸೋತುಬಿಟ್ಟಳೆ?

ಮೊನ್ನೆ ಶುಕ್ರವಾರ ಕಂಡಕ್ಟರ್ ದೂರದಿಂದಲೇ ಕೂಗಿದ, "ಅಣ್ಣಾ, ನಿಮ್ಮ ಕಟ್ಟು ಬಂದಿದೆ ಮಾರ್ರೆ!"

ಬಿಚ್ಚಿದೆ. ಅಕ್ಕ ಓದಿ ಓದಿ ರಟ್ಟು ಕಿತ್ತುಹೋದ, ಅವಳ ಪ್ರಾಣದಂಥ ಕಾದಂಬರಿ. ಮೂರೂ ಬದಿಗೆ ಹೊಲಿಗೆ! ತಕ್ಷಣ ಫೋನು ಮಾಡಿದೆ.

"ಇದು ನಿನಗೆ ಇಷ್ಟದ್ದಲ್ವಾ ಅಕ್ಕ? ಇದರ ಬಾಯಿ ಯಾಕೆ ಮುಚ್ಚಿದ್ದಿ?"

"ಮುಚ್ಚಿದ್ದಲ್ಲ. ಇನ್ನು ಮೊದಲಿನದ್ದೂ ನನಗೆ ಒಬ್ಬಳೇ ಓದ್ಲಿಕ್ಕೆ ಆಗುವುದಿಲ್ಲ. ಹಾಗೆ ಮೊದಲ ಪುಟದಿಂದಲೇ ಹೊಲಿದೆ. ಸೂಜಿಗೆ ದಾರ ಹಾಕ್ಲಿಕ್ಕೇ ತಡ ಆಯ್ತು. ಮಗನ ಹತ್ರ ಕೇಳಿದ್ರೆ ಹಾಕಿ ಕೊಡ್ತಾನಾ?" ಆಮೇಲೆ ಕೇಳಿದಳು, "ಹೊಲಿಗೆ ಹೇಗುಂಟು?"

ನೋಡಿದೆ. ಒಂದು ಉದ್ದ, ಒಂದು ಗಿಡ್ಡ, ಒಂದು ಎತ್ತಲೋ ಹೋಗಿದೆ. ಕೈಯಿಂದ ತಡವಿ ತಡವಿ ಹಾಕಿದ ಹೊಲಿಗೆ.

"ಒಂದು ಎಳೆ ಆಚೀಚೆ ಇಲ್ಲ ಅಕ್ಕ."

"ಸುಳ್ಳ! ಗೋಣಿ ಹೊಲಿದ ಹಾಗುಂಟು, ನನಗೆ ಗೊತ್ತುಂಟು. ಅತ್ತದ್ದು ಸಾಕು. ಕತ್ತರಿ ಇಲ್ಲುಂಟು, ಬಾ."

ಒಂದು ಅಧ್ಯಾಯಕ್ಕಾದರೆ ಭಾನುವಾರ ಸಾಕಿತ್ತು, ಇದು ಇಡೀ ಪುಸ್ತಕ! ಶನಿವಾರ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ಇನ್ನು ಮುಂದೆ ನನ್ನ ಶನಿವಾರವೂ ಅಕ್ಕನದೇ. ಯಾರು ಏನು ಬೇಕಾದರೂ ಹೇಳಿಕೊಳ್ಳಲಿ.