ಹಸ್ತಾಂತರದ ದಿನದ ರೊಟ್ಟಿ

ಬ್ರಿಟಿಷರು ಹಾಂಗ್‌ಕಾಂಗನ್ನು ಚೀನಾದ ಕೈಗೆ ಕೊಟ್ಟಿದ್ದು ನನ್ನ ಸೋದರಮಾವನ ಒಪ್ಪಿಗೆ ಪಡೆದ ಮೇಲೆಯೇ! ನಂಬದಿದ್ದರೆ ಅವರನ್ನೇ ಕೇಳಿ. ಆಗ ಅವರು ಅಲ್ಲೊಂದು ಬಟ್ಟೆ ಕಂಪನಿಯಲ್ಲಿ ಗುಮಾಸ್ತರಾಗಿದ್ದರು ಎಂಬುದು ಸಣ್ಣ ವಿವರ. ಅಂಥ ವಿವರಗಳಿಗೆಲ್ಲ ಮಾವ ತಲೆ ಕೆಡಿಸಿಕೊಳ್ಳುವವರಲ್ಲ.

"ಧ್ವಜ ಬದಲಾಗ್ಲಿ, ದೊರಿ ಬದಲಾಗ್ಲಿ, ಅಂಗಡಿ ಬಾಗಲಾ ತಗದಿರಬೇಕು. ಅದಕ್ಕ ಬಿಸಿನೆಸ್ ಕಾನ್ಫಿಡೆನ್ಸ್ ಅಂತಾರ!" ಎಂದು ಮಕ್ಕಳ ಬರ್ತ್‌ಡೇ ಪಾರ್ಟಿಯಲ್ಲೂ ಭಾಷಣ ಬಿಗಿಯುತ್ತಿದ್ದರು. ಮಕ್ಕಳು ಕೇಕ್ ಯಾವಾಗ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದವು.

ಟೆಕ್ಸಾಸಿಗೆ ಬಂದ ಮೇಲೆ ಡಲ್ಲಾಸಿನ ಉತ್ತರಕ್ಕೆ, ಲಿಟಲ್ ಎಲ್ಮ್ ಎಂಬ ಊರಿನ ಆಚೆ, ಯಾವ ಊರಿಗೂ ಸೇರದ ಕೌಂಟಿ ಜಾಗದಲ್ಲಿ ಅತ್ತೆ ಜೋಳದ ರೊಟ್ಟಿ ಅಂಗಡಿ ತೆರೆದರು. ಗಂಡನ ಹಿಂದೆ ದೇಶದಿಂದ ದೇಶಕ್ಕೆ ಪೆಟ್ಟಿಗೆ ಕಟ್ಟಿಕೊಂಡು ತಿರುಗಿದ ಆಕೆಗೆ ತನ್ನದು ಅಂತ ಇದ್ದದ್ದು ಅದೊಂದೇ. ಅಷ್ಟರಲ್ಲಿ ಪಕ್ಕದ ನಗರ ಆ ರಸ್ತೆಯನ್ನೆಲ್ಲ ತನ್ನೊಳಗೆ ಸೇರಿಸಿಕೊಳ್ಳುತ್ತದೆ ಎಂಬ ಸುದ್ದಿ ಬಂತು. ಹೊಸ ಆಡಳಿತ, ಹೊಸ ಪರ್ಮಿಟ್, ಅಡುಗೆಮನೆಯ ತಪಾಸಣೆ. ಪಾಸಾಗದಿದ್ದರೆ ಬೀಗ.

"ಅವ್ರು ಬಂದು ಮುಚ್ಚಸೂದಕಿಂತ ನಾವ ಮುಚ್ಚೂದು ಛಲೋ ಅಲ್ಲೇನ್ರಿ?" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

"ನಾ ಇರೂತನಾ ಮುಚ್ಚೂದಾ?" ಎಂದು ಮಾವ ಸೂಟು ಹೊರತೆಗೆದರು!

ಮೊದಲ ರಾಜತಾಂತ್ರಿಕ ಪ್ರವಾಸ ಹ್ಯೂಸ್ಟನ್‌ಗೆ, ಜೋಳದ ಹಿಟ್ಟು ಕಳಿಸುವ ವ್ಯಾಪಾರಿಗೆ ಧೈರ್ಯ ತುಂಬಲು. ಪಾಪ, ಆ ಮನುಷ್ಯನಿಗೆ ಈ ವಿಷಯವೇ ಗೊತ್ತಿರಲಿಲ್ಲ. ಮಾವ ಮಧ್ಯಾಹ್ನವಿಡೀ ಕೂತು "ಏನೂ ಹೆದರಬ್ಯಾಡ್ರಿ, ನಮ್ಮ ಅಂಗಡಿ ಮುಚ್ಚೂದಿಲ್ಲ" ಎಂದು ಎಷ್ಟು ಸಲ ಹೇಳಿದರೆಂದರೆ, ಆತ ಹೆದರಿ ಹಿಟ್ಟು ಕಳಿಸುವುದನ್ನೇ ನಿಲ್ಲಿಸಿಬಿಟ್ಟ! ಆಮೇಲೆ ಅತ್ತೆಯೇ ಫೋನ್ ಮಾಡಿ ಅವನನ್ನು ಸಮಾಧಾನಪಡಿಸಬೇಕಾಯಿತು.

ಎರಡನೆಯದು ಆಸ್ಟಿನ್. ರಾಜ್ಯದ ರಾಜಧಾನಿಯ ಜೊತೆ ನೇರ ಮಾತುಕತೆಯಂತೆ. ಅಲ್ಲಿನ ಶಾಸನಭವನದ ಸಿಬ್ಬಂದಿ ಇವರನ್ನು ಪ್ರವಾಸಿಯೆಂದು ತಿಳಿದು ಶಾಲಾಮಕ್ಕಳ ಸಾಲಿನಲ್ಲಿ ಸೇರಿಸಿ ಕಟ್ಟಡವನ್ನೆಲ್ಲ ತೋರಿಸಿ ಕಳಿಸಿದರು. ಮಾವ ಮನೆಗೆ ಬಂದು, "ಆಸ್ಟಿನ್ ನಮ್ಮ ಕಡೆ ಐತಿ" ಎಂದು ಘೋಷಿಸಿದರು.

ಇನ್ನು ಹೊಸ ದೊರೆಗೆ ನಿಷ್ಠೆ ತೋರಿಸಬೇಡವೇ? ನಗರದ ಮೇಯರ್ ಫೋಟೊ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಗಲ್ಲಾದ ಮೇಲೆ ತೂಗುಹಾಕಿ, ಭರ್ಜರಿ ಚೆಂಡುಹೂವಿನ ಹಾರ ಹಾಕಿ ಊದುಬತ್ತಿ ಹಚ್ಚಿದರು. ರೊಟ್ಟಿಗೆಂದು ಬಂದ ಮೈಸೂರಿನ ಆಂಟಿಯೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದು ನಿಂತರು.

"ಅಯ್ಯೋ, ಇವ್ರು ಯಾವಾಗ ಹೋದ್ರು, ಅಂಕಲ್? ನಿನ್ನೆ ಟೀವೀಲಿ ಚೆನ್ನಾಗೇ ಇದ್ರಲ್ಲ!"

ಹಾರ ಅವತ್ತೇ ಇಳಿಯಿತು.

ರಸ್ತೆ ನಗರಕ್ಕೆ ಹಸ್ತಾಂತರವಾದ ಮೇಲಿನ ಮೊದಲ ತಪಾಸಣೆಯ ದಿನ ನಾನು ಮೆಕಿನ್ನಿಯ ನನ್ನ ಮನೆಯಿಂದ ಡ್ರೈವ್ ಮಾಡಿಕೊಂಡು ಹೋದೆ. ಇನ್‌ಸ್ಪೆಕ್ಟರ್ ಆಗಲೇ ಒಳಗಿದ್ದರು. ನಮ್ಮ ರಾಯಭಾರಿಗಳು ಮಾತ್ರ ಸೂಟು ಹಾಕಿಕೊಂಡು ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಕೂತಿದ್ದರು, ಎಸಿ ಇದ್ದರೂ ಬೆವರುತ್ತ.

"ಮಾವ, ಒಳಗೆ ಹೋಗಲ್ವಾ?"

"ನಾ ಹೋಗಿ ಬಾಯಿ ತಗದ್ರ ಎಲ್ಲಾ ಕೆಡತೈತಿ. ಹ್ಯೂಸ್ಟನ್‌ನ್ಯಾಗ ಏನಾತು ನೋಡಿದಿಲ್ಲ? ಅಕಿಗೆ ಇರೂದು ಇದೊಂದ. ನನ್ನಿಂದ ಹಾಳಾಗಬಾರದವ್ವಾ."

ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಇಷ್ಟು ದಿನ ನಕ್ಕಿದ್ದ ನಾನು ಅವರ ಪಕ್ಕದ ಸೀಟಿನಲ್ಲಿ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಇನ್‌ಸ್ಪೆಕ್ಟರ್ ನಗುತ್ತ ಹೊರಟುಹೋದರು. ಹಿಂದೆಯೇ ಅತ್ತೆ ಬಂದರು, ಮೊಣಕೈತನಕ ಹಿಟ್ಟು. ಬಂದವರೇ ಕಾರಿನ ಬಾಗಿಲು ತೆಗೆದರು.

"ಪಾಸ್ ಆತು. ಆದ್ರ ಇಲ್ಲ್ಯಾಕ ಕುಂತೀರಿ? ನೀವು ಬಾಜೂಕ ಇಲ್ಲಂತ ಕೈ ನಡುಗಿ ನಡುಗಿ ರೊಟ್ಟಿ ಎಲ್ಲಾ ಹರದುವು ನೋಡ್ರಿ!"

ಮಾವ ಸೂಟು ಸರಿಮಾಡಿಕೊಂಡು ಕಾರಿನಿಂದ ಇಳಿದರು. ಅತ್ತೆ ಹಿಟ್ಟಿನ ಕೈಯಲ್ಲೇ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.