ಲಾಯ್ ಮೇಷ್ಟ್ರ ಮೌತ್ ಆರ್ಗನ್

ಲಾಯ್ ಮೇಷ್ಟ್ರ ದನಿ ಬಹಳ ಸಣ್ಣದು. ಎಲ್ಲ ಶುರುವಾದದ್ದು ಅದರಿಂದಲೇ.

ತೈವಾನಿನ ದಕ್ಷಿಣದ ಆ ಪುಟ್ಟ ಊರಿಗೆ ಅವರು ಇಂಗ್ಲಿಷ್ ಕಲಿಸಲು ಬಂದು ವರ್ಷವಾಗುತ್ತ ಬಂದಿತ್ತು. ಮನೆಯಲ್ಲಿ ಒಬ್ಬರೇ. ಅನ್ನದ ಕುಕ್ಕರ್ 'ಟಕ್' ಎಂದರೆ "ಆಯ್ತೇನಪ್ಪಾ?" ಎಂದು ಅದನ್ನೇ ಮಾತಾಡಿಸುವರು. "ಹೌ ಆರ್ ಯು?" ಎಂದರೆ "ಫೈನ್" ಎನ್ನಬೇಕಾದವರು ಲೋಕದಲ್ಲಿ ಅವರಿಗಿದ್ದದ್ದು ಐದನೇ ತರಗತಿಯ ಮಕ್ಕಳು ಮಾತ್ರ. ಆ ಮಕ್ಕಳೋ, ಮೇಷ್ಟ್ರ ದನಿ ಮುಂದಿನ ಸಾಲು ದಾಟುವುದರೊಳಗೆ ಸಂತೆಯನ್ನೇ ನೆರೆಸಿಬಿಡುತ್ತಿದ್ದವು.

ಇವತ್ತು ಮಧ್ಯಾಹ್ನ ಹೆತ್ತವರು ಬಂದು ಹಿಂದೆ ಕೂತು ಪಾಠ ನೋಡುವ ದಿನ. ಹೆಡ್ಮಾಸ್ಟರ್ ಶಿಯೆ ನಿನ್ನೆಯೇ ಹೇಳಿದ್ದರು: "ನೋಡಿ, ನಾಳೆ ಗಲಾಟೆ ಆದ್ರೆ ಐದನೇ ಕ್ಲಾಸು ಬೇರೆಯವ್ರಿಗೆ. ನೀವು ಲೈಬ್ರರಿ ನೋಡ್ಕೊಳ್ಳಿ. ಪುಸ್ತಕಗಳು ಕಿರುಚಲ್ಲ."

ಪುಸ್ತಕಗಳು "ಫೈನ್" ಎನ್ನುವುದೂ ಇಲ್ಲವಲ್ಲ.

ಬೀದಿ ಮೂಲೆಯಲ್ಲಿ ಮೀನಿನ ಗಂಜಿ ಮಾರುವ ಆಗಿಮ್ ಅಕ್ಕ ಬೆಳಿಗ್ಗೆ ಅವರ ಮುಖ ನೋಡಿದವಳೇ ಬಟ್ಟಲಿಗೆ ಒಂದು ತುಂಡು ಮೀನು ಹೆಚ್ಚಿಗೆ ಹಾಕಿದಳು.

"ಏನ್ ಮೇಷ್ಟ್ರೇ, ಮುಖ ಮೊನ್ನೆ ಕಿತ್ತ ಮೂಲಂಗಿ ಥರ ಬಾಡಿದೆ?"

ಮೇಷ್ಟ್ರು ಎಲ್ಲ ಹೇಳಿಕೊಂಡರು.

"ಅಯ್ಯೋ, ನೀವ್ಯಾಕೆ ಗಂಟಲು ಹರ್ಕೋತೀರಿ? ನಮ್ಮನೆಯೋರನ್ನ ಎಬ್ಬಿಸೋಕೆ ನಾನು ಮದುವೆಯಾದಾಗಿಂದ ಕೂಗ್ತಿದೀನಿ, ಕಲ್ಲು ಅಲ್ಲಾಡಲ್ಲ. ಸಂಜೆ ಕಸದ ಲಾರಿ ರಾಗ ಕೇಳ್ಲಿ, ಚಡ್ಡೀಲೇ ಓಡ್ತಾರೆ! ಕೈಯಾರೆ ಲಾರಿಗೆ ಎಸೀದಿದ್ರೆ ಕಸ ಮನೇಲೇ ನಾರುತ್ತಲ್ಲ. ಆ ರಾಗ ನುಡಿಸ್ರೀ! ಯಾರು ಕಿವಿ ನೆಟ್ಟಗೆ ಮಾಡಲ್ವೋ ನೋಡೇಬಿಡೋಣ."

ಒಂಟಿ ಸಂಜೆಗಳಲ್ಲಿ ಊದುತ್ತಿದ್ದ ಹಳೆಯ ಮೌತ್ ಆರ್ಗನ್ ಜೇಬಿಗೆ ಬಂತು. ಮೊದಲ ಪೀರಿಯಡ್ಡಿನಲ್ಲಿ ಮೇಷ್ಟ್ರು ಎರಡೇ ಸಾಲು ನುಡಿಸಿದರು. ಸಂತೆ ನಿಂತಿತು. ಹುಡುಗಿಯೊಬ್ಬಳು ಕಸದ ಬುಟ್ಟಿ ಎತ್ತಿಕೊಂಡು ಎದ್ದೇಬಿಟ್ಟಳು. ಎಲ್ಲರೂ ಗೊಳ್ಳೆಂದು ನಕ್ಕು, ಮತ್ತೆ ಸುಮ್ಮನಾದರು.

"ಹೌ ಆರ್ ಯು?"

"ಫೈನ್, ಥ್ಯಾಂಕ್ಯು, ಟೀಚರ್!"

ಕಿಟಕಿಯ ಗಾಜು ನಡುಗಿತು. ಮೇಷ್ಟ್ರು ಹಲಗೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಮಧ್ಯಾಹ್ನ ಹಿಂದಿನ ಗೋಡೆಯುದ್ದಕ್ಕೂ ಅಪ್ಪ, ಅಮ್ಮ, ಅಜ್ಜಿಯರು. ಮೇಷ್ಟ್ರು ಧೈರ್ಯವಾಗಿ ನುಡಿಸಿದರು. ಮಕ್ಕಳು ಕೈಕಟ್ಟಿ ಕೂತರು. ಆದರೆ ಹಿಂದೆ ಒಂದು ಕುರ್ಚಿ ಉರುಳಿತು.

"ಅಯ್ಯಯ್ಯೋ, ಇವತ್ತು ಬೇಗ ಬಂತಲ್ರೇ!"

"ನಮ್ಮನೇಲಿ ಸಿಗಡಿ ಸಿಪ್ಪೆ ರಾಶಿ ಬಿದ್ದಿದೆ ಕಣೇ, ನಡಿ ನಡಿ!"

ಅಜ್ಜಿಯರು ಎದ್ದರು, ಅಮ್ಮಂದಿರು ಓಡಿದರು, "ಅಮ್ಮಾ, ಅದು ಮೇಷ್ಟ್ರು ಕಣಮ್ಮಾ!" ಎಂದು ಕೂಗುತ್ತ ಮಕ್ಕಳೂ ಹಿಂದೆ ಓಡಿದವು. ಜೇನುಗೂಡಿಗೆ ಹೊಗೆ ಹಾಕಿದಂತೆ ಕೋಣೆ ಖಾಲಿಯಾಯಿತು. ಮೇಷ್ಟ್ರು ಗೇಟಿನವರೆಗೆ ಓಡಿ ನೋಡಿದರೆ ಎಲ್ಲರಿಗಿಂತ ಮುಂದೆ ನಿಂತಿದ್ದವರು ಹೆಡ್ಮಾಸ್ಟರ್ ಶಿಯೆ, ಎರಡೂ ಕೈಯಲ್ಲಿ ಆಫೀಸಿನ ಕಸದ ಬುಟ್ಟಿ!

ಅದಕ್ಕೇ ಅವರ ಸಿಟ್ಟು ಇಮ್ಮಡಿಯಾಯಿತು. "ಲೈಬ್ರರಿ!" ಎಂದರು, ಅಷ್ಟೇ.

ಆಗ ಏದುಸಿರು ಬಿಡುತ್ತ ಬಂದವನು ಒಬ್ಬ ಹುಡುಗನ ಅಪ್ಪ, ಊರಿನ ಕಸದ ಲಾರಿಗಳ ಮೇಲ್ವಿಚಾರಕ. "ಮೇಷ್ಟ್ರೇ, ಭೇಷ್! ಲಾರೀಲಿ ರಾಗದ ಜೊತೆ ಇಂಗ್ಲಿಷ್ ಪಾಠಾನೂ ಹಾಕ್ಬೇಕು ಅಂತಿದ್ವಿ. ಕಾಯೋ ಹೊತ್ತಲ್ಲಿ ಜನ ನಾಲ್ಕು ಮಾತು ಕಲೀಲಿ ಅಂತ. ನೀವೇ ಹೇಳ್ಕೊಡಿ."

"ನನ್ನ ದನಿ ಸಣ್ಣದಪ್ಪಾ."

"ಲಾರಿ ಮೈಕು ದೊಡ್ಡದು ಬಿಡಿ!" ಎಂದು ಅಲ್ಲೇ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿಕೊಂಡ.

ಸಂಜೆ ಲಾರಿ ಬಂತು. ರಾಗ ಮುಗಿದೊಡನೆ ಬೀದಿ ತುಂಬ ಮೇಷ್ಟ್ರ ದನಿ: "ಹೌ ಆರ್ ಯು?"

"ಫೈನ್, ಥ್ಯಾಂಕ್ಯು!" ಎಂದಿತು ಬೀದಿ. ಐದನೇ ತರಗತಿಯ ಮಕ್ಕಳು, ಚಡ್ಡಿಯಲ್ಲಿದ್ದ ಆಗಿಮ್ ಅಕ್ಕನ ಗಂಡ, ಹೆಡ್ಮಾಸ್ಟರ್ ಕೂಡ ಚೀಲ ಹಿಡಿದು ಒಂದೇ ಸಾಲಿನಲ್ಲಿದ್ದರು. ಪಿಸುಮಾತಿಲ್ಲ. ಮಹಡಿಯ ಕಿಟಕಿಯಿಂದ ನೋಡುತ್ತಿದ್ದ ಮೇಷ್ಟ್ರು ಇಂಥ ತರಗತಿಯನ್ನು ಕನಸಿನಲ್ಲೂ ಕಂಡಿರಲಿಲ್ಲ.

ಒಬ್ಬರೇ ಇರುವ ಮನೆಯ ಪುಟ್ಟ ಕಸದ ಚೀಲ ಹಿಡಿದು ಅವರು ಮೆಟ್ಟಿಲಿಳಿದು ಓಡಿಬಂದರು. ಸಾಲಿನ ಕೊನೆಗೆ ನಿಂತಿದ್ದ ಆಗಿಮ್ ಅಕ್ಕನ ಬೆನ್ನ ಹಿಂದೆ ನಿಂತು, ನಗುತ್ತ ಕೇಳಿದರು: "ಆಗಿಮ್ ಅಕ್ಕಾ, ಹೌ ಆರ್ ಯು?"

ಅವಳು ತಿರುಗಿಯೂ ನೋಡಲಿಲ್ಲ. "ಶ್! ಸುಮ್ನಿರ್ರೀ ಯಾರದು! ಮೇಷ್ಟ್ರು ಪಾಠ ಮಾಡ್ತಿರೋದು ಕೇಳಿಸ್ತಿಲ್ವಾ?"

ಸಾಲು ಸರಿದು ಅವಳ ಚೀಲ ಲಾರಿಗೆ ಬಿತ್ತು. ಅಷ್ಟರಲ್ಲಿ ಲಾರಿ ಹೊರಟಿತು. ಮುಂದಿನ ಬೀದಿಯವರ ಕ್ಷೇಮವನ್ನು ಮೇಷ್ಟ್ರ ದನಿ ವಿಚಾರಿಸತೊಡಗಿತು.

"ಫೈನ್," ಎಂದರು ಮೇಷ್ಟ್ರು ಮೆಲ್ಲಗೆ. ಕಸದ ಚೀಲ ಕೈಯಲ್ಲೇ ಉಳಿದಿತ್ತು.